ಕೂಗದೆ ಹೋದ ಹೆಸರು

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಕುಂಸಿ ಬಸ್ಸಿಗೆ ಕಾದು ಕಾದು ಬೇಸತ್ತಿದ್ದ ವಾಣಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ರೇಷ್ಮೆ ಸೀರೆಯುಟ್ಟ ವಯಸ್ಸಾದ ಹೆಂಗಸು. ಆಕೆಯನ್ನು ಬಸ್ಸು ಹತ್ತಿಸಲು ಬಂದಿದ್ದ ಕಾಲೇಜಿನ ಮೇಷ್ಟ್ರು.

“ಇವತ್ತು ಕಾಲೇಜ್ ಡೇಲಿ ಬಹುಮಾನವೇನೋ ಕೊಟ್ರಿ ಮೇಷ್ಟ್ರೇ. ನನ್ ಮಗಳ ಹೆಸರು ಯಾಕೆ ಕೂಗ್ಲಿಲ್ಲ?”

“ಈ ವರ್ಷದಿಂದ ಹಂಗೇ ಅಮ್ಮ. ದಾನಿಗಳು ಇಟ್ಟ ದತ್ತಿನಿಧಿನೆಲ್ಲ ಸರ್ಕಾರ ಒಂದೇ ಖಾತೆಗೆ ಸೇರಿಸ್ಕೊಂಡಿದೆ. ಬಹುಮಾನಕ್ಕೆ ಈಗ ಯಾರ ಹೆಸರೂ ಇಲ್ಲ.”

“ಅವಳು ತೀರ್ಕೊಂಡಾಗ ನಮ್ಮನೆಯವರು ಭದ್ರಾವತಿ ಫ್ಯಾಕ್ಟರಿಲಿ ದುಡಿದಿದ್ದನ್ನ ಅವಳ ಹೆಸರಲ್ಲೇ ಇಟ್ಟಿದ್ದು.”

“ಆ ದುಡ್ಡು ಎಲ್ಲೂ ಹೋಗಿಲ್ಲಮ್ಮ. ಸರ್ಕಾರದ ಹತ್ರ ಭದ್ರವಾಗಿದೆ.”

“ದುಡ್ಡು ಯಾರಿಗೆ ಬೇಕು? ಮನೇಲಿ ಅವಳ ಹೆಸರೆತ್ತಿದ್ರೆ ನಮ್ಮನೆಯವರು ಊಟ ಬಿಟ್ಟು ಎದ್ದೋಗ್ತಾರೆ. ಅದಕ್ಕೇ ನಾನೂ ಎತ್ತಲ್ಲ. ವರ್ಷಕ್ಕೊಂದ್ಸಲ ನಿಮ್ಮ ಮೈಕಲ್ಲಿ ಕೇಳಿಸ್ಕೊಂಡು ಹೋಗ್ತಿದ್ದೆ.”

ಅಷ್ಟರಲ್ಲಿ ಭದ್ರಾವತಿ ಬಸ್ಸು ಬಂದು ನಿಂತಿತು. ಆಕೆಯ ಚೀಲ ಹಿಡಿದು ಮೇಷ್ಟ್ರೂ ಬಾಗಿಲವರೆಗೆ ಹೋದರು.

“ಮೇಲಿನೋರಿಗೆ ಬರೆದು ನೋಡ್ತೀನಮ್ಮ. ನಾನು ಈ ಕಾಲೇಜಿಗೆ ಹೊಸಬ. ಮಗಳ ಹೆಸರೇನು?”

ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ ಆಕೆ ಗಕ್ಕನೆ ತಿರುಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು.

“ಇಂಪನಾ!”

ಇಡೀ ಬಸ್ ಸ್ಟ್ಯಾಂಡು ಅತ್ತ ತಿರುಗಿತು. ಯಾರದೋ ಮಗು ತಪ್ಪಿಸಿಕೊಂಡಿದೆಯೆಂದು ಜನ ಅಂಗಡಿ ಸಂದಿಯಲ್ಲಿ, ಬಸ್ಸುಗಳ ಹಿಂದೆ ಹುಡುಕತೊಡಗಿದರು. ಆಕೆಯ ಬಸ್ಸು ಹೊರಟುಹೋಯಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ವಾಣಿಯೂ ಒಮ್ಮೆ ಬಗ್ಗಿ ಬೆಂಚಿನ ಕೆಳಗೆ ನೋಡಿದಳು.