ಸ್ಟೀಲ್ ಡಬ್ಬಿಯ ಟ್ಯಾಂಕರು

...ಅಯ್ಯೋ, ಅದನ್ನೇನು ನೋಡ್ತೀರಿ ಅತ್ತಿಗೆ, ಮುಂದೆ ಬನ್ನಿ! ಪ್ರದರ್ಶನಕ್ಕೆ ಇಡೋ ಅಂಥ ಫೋಟೋನಾ ಅದು? ಮಕ್ಕಳಾಡೋ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಒಂದು ಆಟಿಕೆ ಜೀಪು ಮಾಡೋದು, ಊಟದ ಮೇಜಿನ ಮೇಲಿಡೋದು, ಹಿಂದೆ ಒಂದು ಬೆಡ್‌ಶೀಟು ನೇತುಹಾಕೋದು, ಕ್ಲಿಕ್ಕು! ಕೆಳಗೆ ಹೆಸರು ಬೇರೆ, ‘ಮರುಭೂಮಿಯಲ್ಲಿ ಒಂಟಿ ಪಯಣ’. ಮರುಭೂಮಿಯಂತೆ! ಬೆಡ್‌ಶೀಟಿಗೆ ಇಸ್ತ್ರಿ ಕೂಡ ಹಾಕಿಲ್ಲ ಮಹಾಶಯ. ನಿಮಗೆ ನಾನು ಹೇಳ್ಬೇಕಾ, ದಿನವೆಲ್ಲಾ ಬಟ್ಟೆ ಹೊಲಿಯೋರು ನೀವು, ಮಡಿಕೆ ನಿಮ್ಮ ಕಣ್ಣಿಗೇ ಮೊದಲು ಬೀಳುತ್ತೆ.

ಇದು ನೋಡಿ, ಇದು. ಹಲ್ಲಿನ ಡಾಕ್ಟರು ತೆಗೆದದ್ದು. ಮೋಟಾರು ಬೈಕು. ಸೂರ್ಯೋದಯವಂತೆ. ಬೈಕಿನ ನೆರಳು ಎಷ್ಟಿದೆ, ಎಣಿಸಿ. ಎಣಿಸಿ ಪರವಾಗಿಲ್ಲ... ಹಾಂ, ಎರಡು! ಡಾಕ್ಟರ ಮನೇಲಿ ಎರಡೆರಡು ಸೂರ್ಯ ಹುಟ್ತಾರೆ! ಈ ಕಡೆಗೊಂದು ಟೇಬಲ್ ಲ್ಯಾಂಪು, ಆ ಕಡೆಗೊಂದು ಟೇಬಲ್ ಲ್ಯಾಂಪು, ಮಧ್ಯದಲ್ಲಿ ಇವರ ಕಲೆ. ನನ್ನ ಕೈ ಹಿಡಿದು ಕೇಳಿದ್ರು, ‘ಹೇಗಿದೆ ಸಾರ್?’ ಅಂತ. ‘ಬೆಳಕು ಧಾರಾಳವಾಗಿದೆ ಡಾಕ್ಟ್ರೇ’ ಅಂದೆ. ಹಿಗ್ಗಿ ಹೀರೇಕಾಯಿ ಆದ್ರು! ಹೊಗಳಿಕೆ ಯಾವುದು, ಉಗಿಯೋದು ಯಾವುದು ಅಂತಾನೂ ತಿಳಿಯಲ್ಲ ಈ ಜನಕ್ಕೆ.

ಒಳಗೆ ತೆಗೆಯೋರ ಹಣೆಬರಹ ಇದು. ಹೊರಗೆ ಹೋಗೋರು ಏನು ಕಮ್ಮಿ ಅಂದ್ಕೊಂಡ್ರಾ? ಈ ಬಸ್ಸು ನೋಡಿ. ಪಾರ್ಕಿಗೆ ಹೋಗಿ ಹುಲ್ಲಲ್ಲಿ ಇಟ್ಟಿದ್ದಾನೆ. ಹುಲ್ಲು ತೆಂಗಿನ ಮರದಷ್ಟಿದೆ! ಪಕ್ಕದಲ್ಲಿ ಇರುವೆ. ಬಸ್ಸಿನ ಚಕ್ರದಷ್ಟು ದಪ್ಪ ಇರುವೆ! ಆಟಿಕೇನ ನಿಜದ ಬಸ್ಸು ಅನ್ನಿಸ್ಬೇಕು, ಅದೇ ಅಲ್ವಾ ಈ ಆಟ? ಆ ಇರುವೆ ಒಂದೇ ಸಾಕು, ಬಣ್ಣ ಬಯಲು ಮಾಡೋದಕ್ಕೆ.

ಏನು? ಮೆಟ್ಟಿಲಾ? ಬಾಗಿಲ ಹತ್ತಿರದ್ದಾ? ಮೂರಿವೆ. ಯಾಕೆ... ಓ, ಅದಕ್ಕಾ ಆಗ ಟೇಪು ಹಿಡಿದು ಅಳೀತಿದ್ರಿ! ನಾನು ಅಂದ್ಕೊಂಡೆ, ಅಭ್ಯಾಸಬಲ, ಕಟ್ಟಡಕ್ಕೂ ರವಿಕೆ ಹೊಲಿಯೋಕೆ ಹೊರಟ್ರು ಅಂತ. ಅಣ್ಣನ್ನ ಕರ್ಕೊಂಡು ಬರ್ತೀರಾ? ಇವತ್ತೇ? ನಾಲ್ಕು ಗಂಟೆ ಬಹುಮಾನದ ಸಮಾರಂಭಕ್ಕೇ?

ಬೇಡ ಅತ್ತಿಗೆ. ಸುಮ್ನೆ ಯಾಕೆ. ಗಾಲಿಕುರ್ಚಿ ಹತ್ತೋದಿಲ್ಲ ಇಲ್ಲಿ. ಇಷ್ಟು ಜನ, ಆ ಸೆಖೆ, ಭಾಷಣ... ಅವನಿಗೆ ಆಗಲ್ಲ. ಆ ಹಲಗೆನಾ, ಮೆಟ್ಟಿಲ ಮೇಲೆ ಇಳಿಜಾರಾಗಿ ಹಾಸೋಕೆ? ಅದು ಬಡಗಿಯದ್ದು, ಮುಟ್ಟಬೇಡಿ, ಅವನು ಬಂದು ತಗೊಂಡು ಹೋಗ್ತಾನೆ. ಇಲ್ಲ, ನಾನೊಬ್ಬನೇ ಎತ್ತೋಕಾಗಲ್ಲ, ಭಾರ ಇದೆ. ನಾನೇ ಎಲ್ಲಾ ಫೋನಲ್ಲಿ ತೆಗೆದು ತಂದು ತೋರಿಸ್ತೀನಿ ಬಿಡಿ. ಮನೇಲೇ ಕೂತು ನೋಡ್ಲಿ, ಹಾಯಾಗಿ, ಕಾಲ ಮೇಲೆ ನಿಮ್ಮ ತುಂಡುಬಟ್ಟೆ ಹೊದಿಕೆ ಹಾಕ್ಕೊಂಡು.

ಅವನನ್ನ ನಾನು ಹಗುರ ಮಾಡ್ತಿಲ್ಲ ಅತ್ತಿಗೆ, ನನ್ನ ಒಡಹುಟ್ಟಿದೋನು. ಆದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ಲ. ಇಪ್ಪತ್ತು ವರ್ಷ ಟ್ಯಾಂಕರು ಓಡಿಸಿದ, ಸರಿ. ಬೆನ್ನು ಹೋದ ಮೇಲೆ ಕೂತಲ್ಲೇ ಆಟಿಕೆ ಟ್ಯಾಂಕರು ಕಟ್ಟಿದ, ಅದೂ ಸರಿ. ಆದ್ರೆ ಕಟ್ಟೋದೇ ಬೇರೆ, ಫೋಟೋ ತೆಗೆಯೋದೇ ಬೇರೆ. ಅಷ್ಟಕ್ಕೂ ಕಟ್ಟಿದ್ದಾದ್ರೂ ನೆಟ್ಟಗೆ ಕಟ್ಟಿದ್ನಾ? ಮುಂದಿನ ಮೂತಿ ಇಟ್ಟಿಗೆ, ಚಕ್ರ ಇಟ್ಟಿಗೆ ಪೆಟ್ಟಿಗೇದು, ಹಿಂದಿನ ಟ್ಯಾಂಕು ಮಾತ್ರ ಅವನ ಮಾತ್ರೆ ಡಬ್ಬಿ! ಸ್ಟೀಲ್ ಡಬ್ಬಿ ಅಡ್ಡ ಮಲಗಿಸಿ ಕೂರಿಸಿದ್ದಾನೆ! ನಮ್ಮ ಫೋಟೋ ಸಂಘದಲ್ಲಿ ತೋರಿಸಿದಾಗ ಎಲ್ಲಾ ಮೂಗು ಮುರಿದ್ರು. ‘ಇಟ್ಟಿಗೆ ಬಿಟ್ಟು ಬೇರೆ ಸಾಮಾನು ಸೇರಿಸೋ ಹಾಗಿಲ್ಲ’ ಅಂತ. ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ.

ಅದೇ ಟ್ಯಾಂಕರಿಗೆ ಈಗ ಮೊದಲ ಬಹುಮಾನ! ಹೇಗೆ ಬಂತು? ಫೋಟೋದಿಂದ ಬಂತು. ಅಲ್ಲಿ ನೋಡಿ, ನಡು ಗೋಡೇಲಿ, ನಾಲ್ಕು ಅಡಿ ಅಗಲ. ಒದ್ದೆ ನೆಲ, ಎಳೆ ಬಿಸಿಲು, ಟೈರಿಗೆ ಮೆತ್ತಿದ ಕೆಸರು. ಆ ನೀರಿನ ಗುಂಡಿ ನೋಡಿ, ಕೆರೆ ಅನ್ಸಲ್ವಾ? ಊರೂರು ಸುತ್ತಿ ದಣಿದು ಬಂದ ಟ್ಯಾಂಕರು ಅನ್ಸಲ್ವಾ? ಹಳೇ ಕಲ್ಲುಗಣಿ ಹತ್ತಿರ ತೆಗೆದದ್ದು. ಸಂಘಕ್ಕೆ ತೋರಿಸೋಕೆ ಅಂತ ಟ್ಯಾಂಕರು ಒಯ್ದಿದ್ನಲ್ಲ, ಆವಾಗ ಬೆಳಿಗ್ಗೆ ಆರಕ್ಕೇ ಹೋದೆ. ಕೆಸರಲ್ಲಿ ಹೊಟ್ಟೆ ಮೇಲೆ ಮಲಗಿ, ಉಸಿರು ಬಿಗಿಹಿಡಿದು... ಒಂದು ಗಂಟೆ! ಈ ಡಾಕ್ಟರು, ಈ ಬಸ್ಸಿನೋನು, ಇವರು ಯಾರಾದ್ರೂ ಅಂಗಿ ಕೊಳೆ ಮಾಡ್ಕೊಳ್ತಾರಾ? ಮಾಡ್ಕೊಳ್ಳಲ್ಲ.

ಮತ್ತೆ ಆ ಕಾರ್ಡಿನ ಮಾತು ಯಾಕೆ ಎತ್ತುತ್ತೀರಿ? ಆವತ್ತೇ ಹೇಳಿದ್ನಲ್ಲ. ಅಣ್ಣ ತನ್ನ ಕ್ಯಾಮೆರಾದಿಂದ ಕಾರ್ಡು ತೆಗೆದು ಕೊಟ್ಟ, ‘ಇದರಲ್ಲಿ ಒಂದು ಚೆನ್ನಾಗಿ ಬಂದಿದೆ, ಪ್ರಿಂಟು ಹಾಕಿಸು’ ಅಂದ. ಹಾಕಿ ನೋಡ್ದೆ, ಏನೂ ಇಲ್ಲ, ಖಾಲಿ. ಕಾರ್ಡು ಕೆಟ್ಟಿತ್ತು. ಕೆಡುತ್ತೆ, ಕಾರ್ಡುಗಳು ಕೆಡ್ತವೆ! ನಾನೇನು ಮಾಡ್ಲಿ? ನೀವು ಅಂಗಡಿಗೆ ಹೋಗಿದ್ದಾಗ ಒಬ್ಬನೇ ಲಿಫ್ಟಲ್ಲಿ ಇಳಿದು ಕಟ್ಟಡದ ಹಿಂದೆ ಹೋಗಿ ಏನೋ ತೆಗೆದ್ನಂತೆ. ಎರಡು ವರ್ಷದಲ್ಲಿ ಮೊದಲ ಸಲ ಹೊರಗೆ ಬಂದ್ನಂತೆ. ದೊಡ್ಡ ಸಾಹಸ! ಏನು ಮಹಾ ಬಂದಿರುತ್ತೆ ಅದರಲ್ಲಿ? ಅರ್ಧ ಹೆಬ್ಬೆರಳು, ಅರ್ಧ ಮೋರಿ.

ಅಲ್ಲಿಂದ ಈಚೆ ಕ್ಯಾಮೆರಾ ಮುಟ್ಟೇ ಇಲ್ವಾ? ಇಟ್ಟಿಗೆ ಪೆಟ್ಟಿಗೇನೂ? ಮಂಚದ ಕೆಳಗೆ ತಳ್ಳಿಬಿಟ್ನಾ... ಹೂಂ. ಅದನ್ನ ನನ್ನ ತಲೆಗೆ ಕಟ್ಟಬೇಡಿ. ಒಂದು ಫೋಟೋ ಹೋದ್ರೆ ಇನ್ನೊಂದು ತೆಗೀಬೇಕು. ಛಲ ಇರ್ಬೇಕು. ಇದನ್ನೆಲ್ಲಾ ನೋಡಿದ್ರೆ ಮತ್ತೆ ಆಸೆ ಹುಟ್ಟುತ್ತೆ ಅಂತೀರಾ? ಹುಟ್ಟಲ್ಲ ಬಿಡಿ, ನನಗೆ ಗೊತ್ತಿಲ್ವಾ ಅವನು.

ಬನ್ನಿ ಬನ್ನಿ, ಮುಖ ಯಾಕೆ ಸಣ್ಣ ಮಾಡ್ಕೊಳ್ತೀರಿ. ನಗೋ ಅಂಥದ್ದು ತೋರಿಸ್ತೀನಿ. ಈ ಕೆಂಪು ಕಾರು. ಬ್ಯಾಂಕಿನ ಗುಮಾಸ್ತರದ್ದು. ಬಾಗಿಲಿಗೆ ಪಾಲಿಶು ಹಾಕಿ ಹಾಕಿ ಫಳಫಳ ಮಾಡಿದ್ದಾರೆ. ಈಗ ಹತ್ತಿರ ಹೋಗಿ, ಬಾಗಿಲಲ್ಲಿ ಏನಿದೆ ನೋಡಿ. ಇನ್ನೂ ಹತ್ತಿರ... ಕಾಣಿಸ್ತಾ? ಗುಮಾಸ್ತರೇ! ಬನಿಯನ್ನಲ್ಲಿ! ಹೊಟ್ಟೆ ಸಮೇತ! ಹಹ್ಹ... ನಗಬೇಡಿ, ಜೋರಾಗಿ ನಗಬೇಡಿ, ಆ ಕೋಣೇಲೇ ಇದ್ದಾರೆ ಅವರು. ಕಪಾಟು ತುಂಬಾ ಪ್ರಶಸ್ತಿ ಇಟ್ಕೊಂಡಿರೋ ಮನುಷ್ಯ, ತನ್ನ ಹೊಟ್ಟೆ ತನಗೇ ಕಂಡಿಲ್ಲ!

ಇದೇ ನೋಡಿ ಅತ್ತಿಗೆ, ಕಲಿಯೋರಿಗೆ ನಾನು ಹೇಳಿಕೊಡೋ ಮೊದಲನೇ ಪಾಠ. ಹೊಳೆಯೋ ವಸ್ತು ಮುಂದೆ ನಿಂತ್ರೆ ತೆಗೆಯೋನು ಅದರಲ್ಲಿ ಕಂಡೇ ಕಾಣ್ತಾನೆ. ಅದಕ್ಕೇ ಸುತ್ತ ಬಿಳಿ ಬಟ್ಟೆ ಕಟ್ಟಿ, ಅದರಲ್ಲಿ ಒಂದು ತೂತು ಮಾಡಿ, ತೂತಿನಿಂದ ತೆಗೀಬೇಕು. ಇಲ್ಲದಿದ್ರೆ ಕಾರಿರಲಿ, ಬೈಕಿರಲಿ, ಸ್ಟೀಲ್...

ಎಲ್ಲಿಗೆ ಹೊರಟ್ರಿ? ಆ ಕಡೆ ನೋಡಿ ಆಯ್ತಲ್ಲ. ಕಾಫಿ ಕುಡಿಯೋಣ ಬನ್ನಿ, ಅಲ್ಲಿ ಫ್ಲಾಸ್ಕಲ್ಲಿದೆ. ಅತ್ತಿಗೆ? ನಾಲ್ಕು ಅಡಿ ಫೋಟೋನ ಅಷ್ಟು ಹತ್ತಿರದಿಂದ ನೋಡಬಾರದು, ದೂರ ನಿಂತು ನೋಡ್ಬೇಕು. ಕನ್ನಡಕ ಯಾಕೆ... ಡಬ್ಬಿನಾ? ಡಬ್ಬೀಲಿ ಏನಿದೆ?

ಅದು... ಅದು ಫ್ರೇಮಿನ ಗಾಜು. ನಿಮ್ಮ ನೆರಳೇ ಬಿದ್ದಿದೆ ಅದರಲ್ಲಿ.

...ಹೌದು, ಗಾಜು ಹಾಕಿಸಿಲ್ಲ. ಹೌದು.

ಚಕ್ರಾನಾ? ಇರುತ್ತೆ. ಸೈಕಲ್ಲು. ಗಣಿ ಹತ್ತಿರ ಯಾರೋ ಸೈಕಲ್ಲು ನಿಲ್ಲಿಸಿದ್ರು. ಒಂದು ದೊಡ್ಡ ಚಕ್ರ, ಅದರ ಮುಂದೆ ಚಿಕ್ಕದು... ಆ ತರದ ಸೈಕಲ್ಲೂ ಇರ್ತವೆ. ಹಳೇ ಕಾಲದ್ದು. ಆ ಮನುಷ್ಯ? ನಾನೇ. ನಾನಲ್ದೆ ಇನ್ಯಾರು? ಮಲಗಿದ್ದೆ ಅಂದಿದ್ದು... ಮಲಗೋಕೆ ಮುಂಚೆ ಒಂದು ತೆಗೆದಿದ್ದೆ, ಕೂತು. ಹೀಗೆ ಒಂದು ಪಕ್ಕಕ್ಕೆ ವಾಲಿ, ಕ್ಯಾಮೆರಾನ ಕೈಯಲ್ಲಿ ನೆಲದ ತನಕ ಇಳಿಬಿಟ್ಟು. ಅದು ಒಂದು ವಿಧಾನ, ಅತ್ತಿಗೆ. ಎಲ್ಲರಿಗೂ ಬರಲ್ಲ. ಯಾಕೆ ಹಾಗೆ ನೋಡ್ತೀರಿ?

ಬೆರಳು ತೆಗೀರಿ ಅಲ್ಲಿಂದ. ಗುರುತು ಬೀಳುತ್ತೆ.

ಕಾಲ ಮೇಲಿನ ಹೊದಿಕೆನಾ? ಕೆಂಪು ಹಳದಿ ಚೌಕ ಯಾರ ಮನೆ ಬಟ್ಟೇಲೂ ಇರಬಹುದು. ತುಂಡು ಬಟ್ಟೆ ಸೇರಿಸಿ ಹೊಲಿಯೋರು ಜಗತ್ತಲ್ಲಿ ನೀವೊಬ್ಬರೇನಾ? ಆ ಮೂಲೇಲಿ ಹಸಿರು ತೇಪೆ... ಅದು ನೀವು ಹಾಕಿದ್ದು ಅಂತ ಹೇಗೆ ಹೇಳ್ತೀರಿ? ಹೇಳಿ. ಬೈಯಿರಿ ಬೇಕಾದ್ರೆ. ಮತ್ತೆ ಅಲ್ಲೇ ಬೆರಳಿಡ್ತೀರಲ್ಲ!

ನನಗೂ ಇಪ್ಪತ್ತು ವರ್ಷ ಆಯ್ತು ಅತ್ತಿಗೆ, ಕ್ಯಾಮೆರಾ ಹಿಡಿದು. ಬಿಳಿ ಬಟ್ಟೆ, ಲ್ಯಾಂಪು, ತೂತು... ಎಲ್ಲಾ ಮಾಡ್ದೆ. ಒಂದೂ ಹೀಗೆ ಬರ್ಲಿಲ್ಲ. ಬೆನ್ನು ಮುರಿದೋನು, ಕಲೀದೇ ಇರೋನು, ಮಾತ್ರೆ ಡಬ್ಬಿ ಹಿಡ್ಕೊಂಡು ಒಂದೇ ಒಂದು ದಿನ ಕೆಳಗಿಳಿದು... ಉರಿದುಹೋಯ್ತು ನನಗೆ. ಹೌದು, ಉರಿದುಹೋಯ್ತು! ದೊಡ್ಡದು ಮಾಡಿಸೋಕೆ ಮುಂಚೆ ಮೂರು ದಿನ ಕೂತು ಧೂಳಿನ ಚುಕ್ಕೆ ಒಂದೊಂದೇ ಅಳಿಸಿದೆ. ಡಬ್ಬಿ ಮೇಲಿನ ಗೀರು ಕೂಡ ಬಿಡ್ಲಿಲ್ಲ. ಎಲ್ಲಾ ನೋಡ್ದೆ. ಅಣ್ಣ ಕಾಣ್ಲಿಲ್ಲ.

ಎಲ್ಲಿಗೆ? ಅತ್ತಿಗೆ... ಗುಮಾಸ್ತರನ್ನ ಕರೀಬೇಡಿ. ಕರೀತಿಲ್ವಾ? ಮತ್ತೆ? ಹಲಗೆ...

ಒಂದು ತುದಿ ಎತ್ತಿ ಹಿಡ್ಕೊಂಡು ನಿಂತ್ರೆ ಹೇಗೆ, ಸೊಂಟ ಉಳುಕುತ್ತೆ. ಇಳಿಸಿ. ...ಇಳಿಸಲ್ವಾ. ಆಯ್ತು, ಬಂದೆ. ಹಿಡ್ಕೊಂಡೆ ಈ ಕಡೆ. ನಿಧಾನ, ಮೆಟ್ಟಿಲಿದೆ. ನಾಲ್ಕು ಗಂಟೆಗೆ ಒಳಗೆ ಬಂದ ತಕ್ಷಣ ಅವನ ಕಣ್ಣು ಬೀಳೋದೇ ಅದರ ಮೇಲೆ. ಕೆಳಗೆ ನನ್ನ ಹೆಸರಿನ ಚೀಟಿ ಬೇರೆ... ನೀವೇ ತೆಗೀತೀರಾ? ಇಲ್ವಾ? ನಾನೇ ತೆಗೀಬೇಕಾ? ಅವನ ಎದುರಿಗೇನಾ?

ಏನಂತ ಹೇಳ್ಲಿ ಅವನಿಗೆ? ಅತ್ತಿಗೆ, ದಮ್ಮಯ್ಯ, ನೀವೇ ಹೇಳಿಕೊಡಿ.

...ಕೆಟ್ಟಿರ್ಲಿಲ್ಲ. ಕಾರ್ಡು ಕೆಟ್ಟಿರ್ಲಿಲ್ಲ.