ಮನೆ ಸಾಲಿನ ದ್ರಾಕ್ಷಿ

ಸಭೆಯ ಅಧ್ಯಕ್ಷರಾದ ವೆಂಕಟರಾಯಪ್ಪನವರೇ, ಹಣ್ಣಿನಲ್ಲಿ ವಿಷ ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡೂ ನಮ್ಮ ನಡುವೆ ಧೈರ್ಯವಾಗಿ ಕೂತಿರುವ ಮುಖ್ಯ ಅತಿಥಿಗಳೇ, ಊಟದ ವಾಸನೆ ಹಿಡಿದು ಕಾಯುತ್ತಿರುವ ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ಬೆಳೆಗಾರ ಸಭಿಕರೇ,

ಸಂಘದ ಈ ವಾರ್ಷಿಕೋತ್ಸವದಲ್ಲಿ ಠರಾವು ಮಂಡಿಸುವ ಭಾಗ್ಯವನ್ನು ಮುನಿವೆಂಕಟಪ್ಪನಾದ ನನ್ನ ತಲೆಗೆ ಕಟ್ಟಿದ್ದೀರಿ. ಹಣ್ಣಿನಲ್ಲಿ ಔಷಧಿ ಇಷ್ಟೇ ಉಳಿದಿರಬೇಕು ಎಂಬ ಸರ್ಕಾರದ ಮಿತಿ ತೀರಾ ಬಿಗಿಯಾಯಿತು, ಸಡಿಲಿಸಿ ಎಂಬುದು ಅದರ ಸಾರ. ನ್ಯಾಯವೇ ತಾನೇ? ಬೂಜು ರೋಗಕ್ಕೆ ಕಾನೂನು ಗೊತ್ತೇ? ಮೋಡ ಮುಸುಕಿದರೆ ಔಷಧಿ ಹೊಡೆಯಬೇಕು. ಬಿಸಿಲಿದ್ದರೆ, ನಾಳೆ ಮೋಡ ಬಂದೀತೆಂದು ಹೊಡೆಯಬೇಕು. ಔಷಧಿ ಅಂಗಡಿಯ ಮೋಹನ್‌ಬಾಬು, "ಇದೊಂದು ಹೊಡೀರಿ ಅಣ್ಣಾ, ಮಗು ಕುಡಿದ್ರೂ ಏನೂ ಆಗಲ್ಲ" ಅನ್ನುತ್ತಾನೆ. ಅನ್ನುವಾಗ ಅವನ ಮೂಗಿಗೆ ಟವೆಲ್ ಸುತ್ತಿರುತ್ತದೆ.

ಒಂದು ಮನೆ ಮಾತು ಹೇಳಿಬಿಡುತ್ತೇನೆ. ನಮ್ಮೆಲ್ಲರ ತೋಟದಲ್ಲೂ ಔಷಧಿ ತಾಗದ ಒಂದು ಮನೆ ಸಾಲು ಇರುತ್ತದೆ. ನಾವು, ನಮ್ಮ ನೆಂಟರು ತಿನ್ನುವುದು ಅದರ ಹಣ್ಣನ್ನೇ. ಮುಖ್ಯ ಅತಿಥಿಗಳು ಗಾಬರಿಯಾಗಬಾರದು, ನಿಮ್ಮ ತಟ್ಟೆಯಲ್ಲಿರುವುದೂ ಅದೇ. ಅಧಿಕಾರಿಗಳನ್ನು ನಾವೆಂದೂ ನೆಂಟರಿಗಿಂತ ಕಡಿಮೆಯಾಗಿ ಕಂಡವರಲ್ಲ!

ಈ ಸಲ ನನ್ನ ಮಗ ನರೇಂದ್ರ ಕೊಯ್ಲಿನ ಅವಸರದಲ್ಲಿ ಮನೆ ಸಾಲನ್ನೂ ಕೊಯ್ಯಿಸಿ ಲಾರಿಗೆ ತುಂಬಿಸಿಬಿಟ್ಟ. ಯಾರೋ ಪುಣ್ಯವಂತರು ತಿಂದರು. ಮನೆಯಲ್ಲಿ ನೋಡಿದರೆ ಸೊಸೆ ಹರಿತಾ ಬಸುರಿ. ಅನ್ನ ಸೇರುವುದಿಲ್ಲ, ಸಾರು ಸೇರುವುದಿಲ್ಲ, ದ್ರಾಕ್ಷಿಯದೇ ಬಯಕೆ. ನಿನ್ನೆ ತೋಟದಲ್ಲಿ ನಿಂತು ಇದೇ ಭಾಷಣವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. "ನಮ್ಮ ಹಣ್ಣು ಅಮೃತ ಸಮಾನ" ಎಂದು ಕೈ ಎತ್ತಿ ತಿರುಗಿದರೆ, ಹಿಂದೆ ಹರಿತಾ. ಕೈಯಲ್ಲಿ ಕೊಯ್ಲಿಗೆ ತಪ್ಪಿ ಉಳಿದಿದ್ದ, ಔಷಧಿ ಹೊಡೆದ ಸಾಲಿನ ಗೊನೆ.

"ಮಾವ, ಚೆನ್ನಾಗಿ ತೊಳ್ದಿದ್ದೀನಿ. ಒಂದೇ ಒಂದು ತಿನ್ಲಾ?"

ಸಭಿಕರೇ, ನನಗೆ ಭಯವಾಯಿತು. ಅಮೃತ ಅಂದ ನಾಲಿಗೆಗೆ ಹೂಂ ಅನ್ನಲಾಗಲಿಲ್ಲ. ಗೊನೆ ಕಿತ್ತುಕೊಂಡೆ. ನನ್ನ ಹೆಂಡತಿ ಶ್ಯಾಮಲಮ್ಮ ಓಡಿಬಂದು, "ಬಸುರಿ ಕೈಯಿಂದ ಕಿತ್ಕೊಂತೀರಲ್ರೀ, ನಾಚ್ಕೆ ಆಗಲ್ವಾ?" ಎಂದು ಬೈದಳು. ಹರಿತಾ ಮಾತ್ರ ಬೈಯಲಿಲ್ಲ. "ಹಂಗಾದ್ರೆ ಬೇರೆಯೋರ ಮನೆ ಬಸುರೀರು ತಿನ್ಬೋದಾ ಮಾವ?" ಅಂದಳು.

ಆಯಿತು, ಠರಾವು ಇಗೋ, ಇಲ್ಲೇ ಇದೆ. ತೋಟದಲ್ಲಿ ಮನೆ ಸಾಲು ಇಲ್ಲದವರು ಯಾರಾದರೂ ಮೇಲೆ ಬಂದು ಓದಿ. ಮೈಕು ಬಿಟ್ಟುಕೊಡುತ್ತೇನೆ.

ಯಾರೂ ಇಲ್ಲವೇ? ಅಧ್ಯಕ್ಷರೇ, ತಾವು?

ಸರಿ. ಇಷ್ಟು ಹೊತ್ತು ಹಸಿವು ತಡೆದು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ. ಯಾರ ಮನೆ ಸಾಲಿನಲ್ಲಾದರೂ ಒಂದು ಗೊನೆ ಉಳಿದಿದ್ದರೆ, ದಯವಿಟ್ಟು ನನ್ನ ಸೊಸೆಗೆ ಕೊಡಿ. ನಮಸ್ಕಾರ.