ಟ್ರಯಲ್ಲಿಗೆ ಬರುವ ಗಿರಾಕಿ

ಹೊರದೇಶದ ಕೆಲಸಕ್ಕೆ ಹೋಗುವವರ ಕಾಗದಪತ್ರ ನೋಡುವ ಕಚೇರಿಯ ಬೆಂಚಿನಲ್ಲಿ ಅಡುಗೆಯವನು ತನ್ನ ಸರದಿಗೆ ಕಾಯುತ್ತಿದ್ದ. ಪಕ್ಕದವರ ಮಾತಿಗೆ ಕಿವಿಗೊಡುವ ಚಾಳಿ ಅವನಿಗಿರಲಿಲ್ಲ. ಆದರೆ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದ ದರ್ಜಿ ಹೆಂಗಸು ತನ್ನ ಅಕ್ಕನ ಮಗಳಿಗೆ ಹೇಳುತ್ತಿದ್ದದ್ದು ಗೋಡೆಗೂ ಕೇಳಿಸುವಂತಿತ್ತು.

"ಹೊಲಿಗೆ ಕೆಲಸ ಕೊಡೋನು ಒಂದು ಗುಂಡೀನಾದ್ರೂ ಹಾಕಿಸಿ ನೋಡಲ್ವೇನೆ? ಈ ಏಜೆಂಟು ನಿನ್ನ ಫೋಟೋ ನೋಡಿ, ನಾಳೆನೇ ಹೊರಡು ಅಂದ. ಆಗ್ಲೇ ನಂಗೆ ವಾಸನೆ ಬಡೀತು."

"ಮತ್ಯಾಕೆ ಚಿಕ್ಕಮ್ಮ, ಅಂಗಿ ಹೊಲ್ಕೊಡ್ತೀನಿ ಅಂತ ಅವನ ಮುಂದೆ ಹಲ್ಲು ಕಿರಿದೆ?"

"ಅಳತೆ ತಗೊಳ್ಳೋಕೆ! ಹೆಸರು ದಿನಕ್ಕೊಂದು ಹೇಳ್ತಾನೆ. ಭುಜ ಬದಲಾಯಿಸೋಕಾಗತ್ತಾ? ಎಡಗಡೆ ಅರ್ಧ ಇಂಚು ಇಳಿದಿದೆ."

"ಪೊಲೀಸ್ನೋರು ನಗ್ತಾರೆ."

"ನಿನ್ನೆ ನಾನು ಹೇಳ್ದಾಗ ನಕ್ಕರು, ಆಮೇಲೆ ಬರ್ಕೊಂಡ್ರು. ಹೋದ ವರ್ಷ ಮೂರು ಹುಡುಗೀರ್ನ ಮಾರಿದೋನಿಗೂ ಭುಜ ಹಾಗೇ ಇತ್ತಂತೆ. ಇವತ್ತು ಇಲ್ಲಿ ನೀನು ಹೇಳಿಕೆ ಕೊಟ್ಟುಬಿಡು. ನಾಲ್ಕು ಗಂಟೆಗೆ ಅವನು ಅಂಗಿ ಟ್ರಯಲ್ಲಿಗೆ ಬರ್ತಾನೆ."

"ಓಡಿಹೋದ್ರೆ?"

"ತೋಳು ಬಿಗಿಯಾಗಿ ಹೊಲಿದಿದೀನಿ. ಒಂದ್ಸಲ ಹಾಕ್ಕೊಂಡ್ರೆ ಬಿಚ್ಚೋಕೆ ಇಬ್ಬರು ಬೇಕು."

"ಆ ಇಬ್ಬರು?"

"ನಮ್ಮಂಗಡಿ ಒಳಗಿನ ಕೋಣೇಲಿ ಕೂತಿರ್ತಾರೆ, ಮಫ್ತೀಲಿ."

ಕಚೇರಿಯ ದೂರು ಬರೆದುಕೊಳ್ಳುವ ಕೋಣೆಯಿಂದ ಕರೆ ಬಂತು. ಇಬ್ಬರೂ ನಗು ತಡೆಯಲಾರದೆ ಎದ್ದು ಹೋದರು.

ಅಡುಗೆಯವನು ಕೈಯಲ್ಲಿದ್ದ ಕಾಗದ ನೋಡಿಕೊಂಡ. ದೊಡ್ಡ ಹೋಟೆಲಿನ ಕೆಲಸವೆಂದು ನಂಬಿಸಿದ್ದ ಏಜೆಂಟು ಅವನ ಕೈಯಡುಗೆಯ ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ. ಅವನು ಸಾಲು ಬಿಟ್ಟು ಎದ್ದು, ಅವರ ಹಿಂದೆಯೇ ದೂರಿನ ಕೋಣೆಯ ಬಾಗಿಲಿಗೆ ಹೋಗಿ ನಿಂತ.